*ದಿನದ ಧಮ್ಮ ಚಿಂತನೆ: ಕೊನೆಯ ಬೆಂಚು ಮತ್ತು ಮಾನ*



ಧಮ್ಮ ಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಹಿರಿಯರ ಹಾಗೆ ಸುತ್ತ ಬಿಡಿಸಿ ಹೇಳುವಷ್ಟು ಓದು ನನಗಿಲ್ಲ. ಈ ವರ್ಷ ಧಮ್ಮ ನನ್ನನ್ನು ಎಲ್ಲಿ ಹಿಡಿದು ನಿಲ್ಲಿಸಿತೋ ಅದನ್ನಷ್ಟೇ ಹೇಳುತ್ತೇನೆ.

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನವಳು. ಅಶೋಕ ಚಕ್ರವರ್ತಿಯ ಹೆಸರು ಸಮೇತ ಕೆತ್ತಿದ ಶಿಲ್ಪ ಸಿಕ್ಕ ಸನ್ನತಿ ಕನಗನಹಳ್ಳಿ ನಮ್ಮ ಕಡೆಯದೇ. 2004ರಲ್ಲಿ ಪಿಯುಸಿ ಪಾಸಾದೆ, ಅದೇ ವರ್ಷ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಎರಡು ವರ್ಷದ ಹಿಂದೆ ಯಜಮಾನರಿಗೆ ಬೆಂಗಳೂರಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಲಗ್ಗೆರೆಯಲ್ಲಿ ಒಂದು ರೂಮು, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದೆವು. ನಾನು ಒಂದು ಖಾಸಗಿ ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಡೆಸ್ಕು ಒರೆಸುವುದು, ಚಿಕ್ಕ ಮಕ್ಕಳ ಕೈ ತೊಳೆಸುವುದು, ಟಿಫಿನ್ ಡಬ್ಬಿ ಜೋಡಿಸುವುದು. ನಾಲ್ಕು ಗಂಟೆಗೆ ಕೆಲಸ ಮುಗಿಯುತ್ತದೆ.

ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿರುವ ಮಗಳೇ ಕೇಳಿದಳು: "ಅಮ್ಮಾ, ನಾಲ್ಕು ಗಂಟೆಗೆ ಫ್ರೀ ಆಗ್ತೀಯಲ್ಲ, ಸಂಜೆ ಕಾಲೇಜಿಗೆ ಯಾಕೆ ಹೋಗಬಾರದು?" ಹಾಗಾಗಿ 38ನೇ ವಯಸ್ಸಿಗೆ ಬಿ.ಎ. ಮೊದಲ ವರ್ಷಕ್ಕೆ ಸೇರಿದೆ. ಬಸ್ಸಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಫೀಸಿಗೆ ಸಂಘದಲ್ಲಿ ಸಾಲ ಎತ್ತಿದೆ. ಊರಿನಿಂದ ಅವ್ವ ಫೋನಿನಲ್ಲಿ, "ಯವ್ವಾ, ಹಗಲೆಲ್ಲ ದುಡದು ಮತ್ತ ಸಾಲಿಗಿ ಹೋಗ್ತಿ ಅಂತಲ್ಲ, ಮೈಗಿ ಆರಾಮ ಅದನ?" ಎಂದು ಕೇಳುತ್ತಿದ್ದಳು. ಅವಳಿಗೆ ಕಾಲೇಜೂ ಸಾಲಿಯೇ.

ಮೊದಲ ದಿನ ಒಬ್ಬ ಹುಡುಗ ಎದ್ದು ನನಗೆ ಜಾಗ ಬಿಟ್ಟುಕೊಟ್ಟ. ಆಮೇಲೆ, "ಆಂಟಿ, ಮಗಳ ಅಡ್ಮಿಷನ್‌ಗೆ ಬಂದಿದ್ದೀರಾ?" ಎಂದ. ಕೊನೆಯ ಬೆಂಚಿಗೆ ಹೋಗಿ ಕುಳಿತೆ. ಇನ್ನೊಂದು ದಿನ ಪಾಠದ ನಡುವೆ, "ಸರ್, ತಿಳೀಲಿಲ್ರಿ" ಎಂದಾಗ ಕ್ಲಾಸೆಲ್ಲ ನಕ್ಕಿತು. ನನ್ನ ಪ್ರಶ್ನೆಗಲ್ಲ, ನನ್ನ 'ರಿ'ಗೆ. ಅವತ್ತಿನಿಂದ ಬಾಯಿ ತೆರೆಯಲಿಲ್ಲ. ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ 20ಕ್ಕೆ 6 ಬಂತು. ಅಂಕಗಳನ್ನು ಗಟ್ಟಿಯಾಗಿ ಓದಿದರು.

ಮರುದಿನದಿಂದ ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕುಳಿತಿದ್ದು, ಕ್ಲಾಸು ಬಿಡುವ ಹೊತ್ತಿಗೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. "ಇವತ್ತು ಏನು ಪಾಠ ಆಯಿತು?" ಎಂದು ಮಗಳು ಕೇಳಿದರೆ ಏನೋ ಒಂದು ಹೇಳುತ್ತಿದ್ದೆ. ಬೆಳಿಗ್ಗೆ ಪಂಚಶೀಲ ಹೇಳಿ, ಸಂಜೆ ನಾಲ್ಕನೆಯ ಶೀಲ ಮುರಿದ ಮೂರು ದಿನ ಅವು.

ಆ ಭಾನುವಾರ ನಮ್ಮ ಬಳಗದಲ್ಲಿ ಹತ್ತು ಸಂಯೋಜನಗಳ ಮೇಲೆ ಮಾತು ನಡೆದದ್ದು ಕೆಲವರಿಗೆ ನೆನಪಿರಬಹುದು. ಎಂಟನೆಯದು *ಮಾನ*. ನಮ್ಮ ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಪಾಲಿಯಲ್ಲಿ ಅದು ಮನಸ್ಸನ್ನು ಕಟ್ಟಿಹಾಕುವ ಹಗ್ಗ. ಕಾಳು ಅಳೆಯುವ ಹಳೆಯ ಅಳತೆಗೂ ನಮ್ಮಲ್ಲಿ ಮಾನ ಎಂಬ ಹೆಸರಿದೆ. ಅದನ್ನು ನೆನೆದರೆ ಅರ್ಥ ಹತ್ತಿರವಾಗುತ್ತದೆ. ನನ್ನನ್ನು ಇನ್ನೊಬ್ಬರ ಪಕ್ಕ ಇಟ್ಟು ಅಳೆಯುವುದೇ ಈ ಮಾನ. ಬುದ್ಧರು ಇದರಲ್ಲಿ ಮೂರು ಬಗೆ ಹೇಳಿದ್ದಾರೆ: ನಾನು ಅವರಿಗಿಂತ ಮೇಲು, ನಾನು ಅವರಿಗೆ ಸಮ, ನಾನು ಅವರಿಗಿಂತ ಕೀಳು.

ನಾನು ಕೇಳಿದೆ: "ಮೇಲು ಅನ್ನೋದು ಅಹಂಕಾರ, ಸರಿ. ಕೀಳು ಅನ್ನೋದು ಹೆಂಗ ಅಹಂಕಾರ ಆಗ್ತದ್ರಿ?"

ಹಿರಿಯರು ನಕ್ಕು ಹೇಳಿದರು: "ತಾಯೀ, ತಕ್ಕಡಿ ಒಂದೇ. ಒಂದು ಕಡೆ ನೀವು ಕೆಳಗೆ ಇದ್ದೀರಿ ಅಂದರೆ, ಇನ್ನೆಲ್ಲೋ ಅದೇ ತಕ್ಕಡಿಯಲ್ಲಿ ಮೇಲೆ ಕೂತಿರುತ್ತೀರಿ. ಎಲ್ಲಿ ಅಂತ ಹುಡುಕಿ ನೋಡಿ."

ಹುಡುಕಬೇಕಾಗಿಯೇ ಇರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಅಕ್ಕ ಇದ್ದಾರೆ. ಅವರಿಗೆ ಅಕ್ಷರ ಬರುವುದಿಲ್ಲ, ಸಂಬಳದ ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತುತ್ತಾರೆ. "ನಂಗೆ ಸೈನ್ ಹಾಕೋದು ಹೇಳಿಕೊಡ್ತೀಯಾ?" ಎಂದು ಅವರು ಕೇಳಿ ಎರಡು ತಿಂಗಳಾಗಿತ್ತು. ನನಗೆ ಬಿಡುವಿಲ್ಲ, ಬಿ.ಎ. ಪರೀಕ್ಷೆ ಇದೆ ಎಂದು ಹೇಳುತ್ತಲೇ ಬಂದಿದ್ದೆ. 'ಬಿ.ಎ.' ಎನ್ನುವಾಗ ನನ್ನ ದನಿ ಸ್ವಲ್ಪ ಏರುತ್ತಿದ್ದದ್ದು ನನಗೆ ಗೊತ್ತಿತ್ತು. ಬೆಳಿಗ್ಗೆ ಆ ಅಕ್ಕನ ಮುಂದೆ ಮೇಲು, ಸಂಜೆ ಹುಡುಗರ ಮುಂದೆ ಕೀಳು. ಅಳೆಯುವವಳು ಎರಡು ಕಡೆಯೂ ನಾನೇ.

ಬಂಧುಗಳೇ, ಚೂಳಪಂಥಕರ ಕಥೆ ನಿಮಗೆ ಗೊತ್ತು. ನಾಲ್ಕು ತಿಂಗಳು ಕಲಿತರೂ ಒಂದು ಗಾಥೆ ಬಾಯಿಪಾಠ ಬರಲಿಲ್ಲ. ಸ್ವಂತ ಅಣ್ಣ ಮಹಾಪಂಥಕರೇ, "ನಿನ್ನಿಂದ ಆಗದು, ಮನೆಗೆ ಹೋಗು" ಎಂದರು. ಜೀವಕ ವೈದ್ಯ ಸಂಘವನ್ನು ಊಟಕ್ಕೆ ಕರೆದಾಗಲೂ ತಮ್ಮನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವಿಹಾರ ಬಿಟ್ಟು ಹೊರಟಿದ್ದ ಅವರನ್ನು ಬಾಗಿಲಲ್ಲೇ ತಡೆದ ಬುದ್ಧರು ಇನ್ನೊಂದು ಗಾಥೆ ಕೊಡಲಿಲ್ಲ. ಒಂದು ಬಿಳಿ ಬಟ್ಟೆ ಕೊಟ್ಟರು. ಪೂರ್ವಕ್ಕೆ ಮುಖ ಮಾಡಿ ಕುಳಿತು, 'ರಜೋಹರಣಂ', ಅಂದರೆ ಕೊಳೆ ತೆಗೆಯುವುದು ಎನ್ನುತ್ತಾ ಅದನ್ನು ಉಜ್ಜು ಎಂದರು. ಉಜ್ಜುತ್ತಾ ಉಜ್ಜುತ್ತಾ ಬಿಳಿ ಬಟ್ಟೆ ಮಾಸಿತು. ಎಲ್ಲವೂ ಹೀಗೆಯೇ ಬದಲಾಗುತ್ತದೆ ಎಂದು ಅವರಿಗೆ ಕಂಡಿತು. ಆಮೇಲೆ, ತೆಗೆಯಬೇಕಾದ ಕೊಳೆ ಬಟ್ಟೆಯದಲ್ಲ, ಒಳಗಿನ ರಾಗ ದ್ವೇಷ ಮೋಹಗಳದ್ದು ಎಂಬುದೂ ಹೊಳೆಯಿತು. ಅಲ್ಲೇ ಅರಹಂತರಾದರು. ಹಿಂದಿನ ಒಂದು ಜನ್ಮದಲ್ಲಿ ತುಂಬಾ ಜಾಣರಾಗಿದ್ದ ಅವರು ಪಾಠ ಬಾರದ ಒಬ್ಬ ಭಿಕ್ಕುವನ್ನು ನೋಡಿ ನಕ್ಕಿದ್ದರು ಎಂದೂ ಅಟ್ಠಕಥೆ ಹೇಳುತ್ತದೆ. ಆ ಮಾತು ಓದಿದಾಗ ನನಗೆ ಹೆಬ್ಬೆಟ್ಟಿನ ರಿಜಿಸ್ಟರ್ ನೆನಪಾಯಿತು. ದಿನಾ ಕೈಯಲ್ಲಿ ಒರೆಸುವ ಬಟ್ಟೆ ಹಿಡಿಯುವವಳು ನಾನು. ಒಂದು ದಿನವೂ ಅದನ್ನು ಪಾಠ ಅಂದುಕೊಂಡಿರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮಾನ ಬಿಡುವುದು ಎಂದರೆ ತಲೆ ತಗ್ಗಿಸಿ ಅವಮಾನ ನುಂಗುವುದಲ್ಲ. ಬಾಬಾಸಾಹೇಬರು ನಮಗೆ ಕೊಟ್ಟದ್ದು ಸ್ವಾಭಿಮಾನ, ಅದು ಬೇರೆ. ಬರೋಡಾ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬೈನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟು, ಶಾಹು ಮಹಾರಾಜರ ನೆರವು, ಸ್ನೇಹಿತರ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಹೋದರು. ಆಗ ಅವರಿಗೆ 29 ವರ್ಷ, ಸಂಸಾರವಿತ್ತು. 1923ರಲ್ಲಿ ಡಿ.ಎಸ್‌ಸಿ. ಪಡೆದರು. ಮತ್ತೆ ವಿದ್ಯಾರ್ಥಿಯಾಗುವುದು ಅವರಿಗೆ ನಾಚಿಕೆ ಎನಿಸಲಿಲ್ಲ. ಸ್ವಾಭಿಮಾನ ಇರುವವರು ಪ್ರಶ್ನೆ ಕೇಳುತ್ತಾರೆ. ಮಾನಕ್ಕೆ ಸಿಕ್ಕಿಬಿದ್ದವರು, ನನ್ನ ಹಾಗೆ, ಬಸ್ ನಿಲ್ದಾಣದಲ್ಲಿ ಕೂರುತ್ತಾರೆ.

ಭಾನುವಾರ ರಾತ್ರಿಯೇ ಯಜಮಾನರಿಗೂ ಮಗಳಿಗೂ ನಿಜ ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳಿಂದ ಹೋಗ್ತಿಯಲ್ಲ?" ಎಂದರು, ಅಷ್ಟೇ. ಸೋಮವಾರ ಎರಡನೆಯ ಬೆಂಚಿನಲ್ಲಿ ಕುಳಿತೆ. ತಿಳಿಯದಿದ್ದಾಗ, "ತಿಳೀಲಿಲ್ರಿ" ಎಂದೆ. ಇಬ್ಬರು ನಕ್ಕರು. ಎದೆ ಹೊಡೆದುಕೊಂಡಿತು, ಆದರೆ ಸರ್ ಇನ್ನೊಮ್ಮೆ ವಿವರಿಸಿದರು. ಕ್ಲಾಸು ಬಿಟ್ಟ ಮೇಲೆ ಒಬ್ಬ ಹುಡುಗಿ ಬಂದು, "ಆಂಟಿ, ನನಗೂ ಅರ್ಥ ಆಗಿರಲಿಲ್ಲ" ಎಂದಳು.

ಶಾಲೆಯಲ್ಲಿ ಊಟದ ಹೊತ್ತಿಗೆ ಆ ಅಕ್ಕನ ಪಕ್ಕ ಕೂತು ಹಳೆಯ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬರೆಸುತ್ತಿದ್ದೇನೆ. ಮೂರು ಅಕ್ಷರದ ಹೆಸರು. ನಡುವಿನ ಒತ್ತಕ್ಷರ ಇನ್ನೂ ಬಂದಿಲ್ಲ. ನನ್ನ ಎರಡನೆಯ ಪರೀಕ್ಷೆಯ ಅಂಕ 20ಕ್ಕೆ 9, ಇಂಗ್ಲಿಷ್ ನನಗೂ ಇನ್ನೂ ಬಂದಿಲ್ಲ. ಮಾನವಂತೂ ಅರಹಂತರಾಗುವವರೆಗೆ ಪೂರ್ತಿ ಹೋಗುವುದಿಲ್ಲವಂತೆ. ಆದರೆ ತಕ್ಕಡಿ ಕೈಗೆ ಬಂದಾಗ ಈಗೀಗ ಗೊತ್ತಾಗುತ್ತದೆ, ಕೆಳಗಿಡುತ್ತೇನೆ.

*ಇಂದಿನ ಅಭ್ಯಾಸ:* ಇವತ್ತು ದಿನವಿಡೀ ನಮ್ಮನ್ನು ಯಾರ ಪಕ್ಕ ಇಟ್ಟು ಅಳೆದೆವು ಎಂದು ಗಮನಿಸೋಣ. ಮೇಲು ಎನಿಸಿದರೂ, ಸಮ ಎನಿಸಿದರೂ, ಕೀಳು ಎನಿಸಿದರೂ, 'ಇದು ಮಾನ' ಎಂದು ಗುರುತಿಸಿ ಮೂರು ಉಸಿರು ನೋಡೋಣ. ಗೊತ್ತಿಲ್ಲದ ಒಂದನ್ನು ಯಾರನ್ನಾದರೂ ಕೇಳೋಣ, ಗೊತ್ತಿರುವ ಒಂದನ್ನು ಕೇಳಿದವರಿಗೆ ಹೇಳಿಕೊಡೋಣ.

ಊರು ಬಿಟ್ಟು ಬಂದು ಓದುತ್ತಿರುವ ಎಲ್ಲರಿಗೂ ಮಂಗಳವಾಗಲಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು