ಆ ಟಿಕೆಟ್ಟಿನ ದುಡ್ಡು ಯಾರದು?

2020ರಲ್ಲಿ ಮೈಸೂರಿನ ಶಾಂತಲಾ ಚಿತ್ರಮಂದಿರ ಬಾಗಿಲು ಮುಚ್ಚಿದ ಸುದ್ದಿ ಬಂದಾಗ ನಮ್ಮೂರಿನ ನನ್ನ ವಯಸ್ಸಿನವರೆಲ್ಲ ಒಮ್ಮೆಲೇ ಹುಡುಗರಾಗಿಬಿಟ್ಟರು. ಫೋನಿನಲ್ಲಿ ಯಾರು ಸಿಕ್ಕರೂ ಅದೇ ಮಾತು. ಒಲಿಂಪಿಯಾ, ಒಪೆರಾ, ಪ್ರಭಾ, ರಾಜಕಮಲ್, ಲಕ್ಷ್ಮಿ, ಗಾಯತ್ರಿ... ಒಂದೊಂದು ಹೆಸರಿಗೂ ಒಬ್ಬೊಬ್ಬರ ಬಳಿ ಒಂದೊಂದು ಕಥೆ. ನನ್ನ ಬಳಿಯೂ ಒಂದಿತ್ತು. ಮದುವೆ ಮನೆಗಳಲ್ಲಿ, ಈದ್ ಊಟದ ನಂತರ, ಗೆಳೆಯರ ನಡುವೆ ಅದನ್ನು ಹೇಳಿ ಎಷ್ಟು ಸಲ ನಗಿಸಿದ್ದೇನೋ ಲೆಕ್ಕವಿಲ್ಲ. ಅದು ನಗುವ ಕಥೆಯಲ್ಲ ಎಂದು ಗೊತ್ತಾಗಲು ನನಗೆ ಮೂವತ್ತಾರು ವರ್ಷ ಬೇಕಾಯಿತು.

ನಮ್ಮ ಮನೆ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿತ್ತು. ಪೇಟೆಯ ಟಾಕೀಸುಗಳಿಗೆ ನಡೆದೇ ಹೋಗಬಹುದಿತ್ತು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನಾ’ ಬಂದು ಪರದೆ ಮಾತನಾಡತೊಡಗಿದ ಕಾಲದ ಹೆಸರು ಈ ‘ಟಾಕೀಸು’. ಐವತ್ತು ವರ್ಷ ಕಳೆದರೂ ನಮ್ಮ ಬಾಯಲ್ಲಿ ಅದೇ ಉಳಿದಿತ್ತು. ಟಿಕೆಟ್ ಕೊಳ್ಳಲು ಒಬ್ಬರೇ ನುಸುಳುವಷ್ಟು ಇಕ್ಕಟ್ಟಿನ ಓಣಿ. ಅದರ ಕೊನೆಯಲ್ಲಿ ಕೈ ತೂರುವಷ್ಟು ಮಾತ್ರ ಕಿಂಡಿ. ಒಂದೇ ಸಲಕ್ಕೆ ಮೂರು ನಾಲ್ಕು ಕೈ ಒಳಗೆ ತೂರಿ, ಹೊರಗೆ ಬರುವಾಗ ತರಚಿಕೊಂಡು ಬರುತ್ತಿದ್ದವು. ಒಳಗೆ ಪರದೆಯ ಕೆಳಗೇ ಗಾಂಧಿ ಕ್ಲಾಸಿನ ಬೆಂಚುಗಳು. ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ನೋಯುತ್ತಿತ್ತು. ಮೊದಲು ಸರ್ಕಾರದ ವಾರ್ತಾಚಿತ್ರ, ಎಲ್ಲೋ ಪ್ರವಾಹ, ಎಲ್ಲೋ ಅಣೆಕಟ್ಟು. ಆಮೇಲೆ ತಲೆಯ ಮೇಲಿನ ಬೆಳಕಿನ ಕೋಲಿನಲ್ಲಿ ಬೀಡಿಯ ಹೊಗೆ ಸುತ್ತುತ್ತಿರುವಾಗ ನಿಜವಾದ ಚಿತ್ರ. ರೀಲು ಕಡಿದರೆ ಶಿಳ್ಳೆ, ಬೈಗುಳ. ಮತ್ತೆ ಚಿತ್ರ ಮೂಡಿದರೆ ಬೈದವರೇ ಚಪ್ಪಾಳೆ ಹೊಡೆಯುತ್ತಿದ್ದರು.

‘ಕೂಲಿ’ ತೆರೆಗೆ ಬಂದದ್ದು 1983ರ ಕೊನೆಗೆ. ಅದಕ್ಕೂ ಮೊದಲು, 1982ರ ಜುಲೈ 26ರಂದು, ಬೆಂಗಳೂರಿನಲ್ಲಿ ಅದರ ಹೊಡೆದಾಟದ ದೃಶ್ಯ ತೆಗೆಯುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟುಬಿದ್ದು ಸತ್ತು ಬದುಕಿದ್ದರು. ಅವರಿಗಾಗಿ ದೇಶದ ತುಂಬ ಪ್ರಾರ್ಥನೆಗಳು ನಡೆದಿದ್ದವು. ಚಿತ್ರದ ನಾಯಕನ ಹೆಸರು ಇಕ್ಬಾಲ್. ಬಿಲ್ಲೆಯ ಮೇಲೆ 786. ಜೊತೆಗೆ ಅಲ್ಲಾರಖಾ ಎಂಬ ಗಿಡುಗ. ನಮ್ಮ ಗಲ್ಲಿಯ ಹುಡುಗರಿಗೆ ಇನ್ನೇನು ಬೇಕು? ಆದರೆ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಅಬ್ಬಾಗೆ ಕೂಲಿಯವನ ಸಿನಿಮಾ ನೋಡುವ ಪುರುಸೊತ್ತಿರಲಿಲ್ಲ. ನಮಗೂ ಅಪ್ಪಣೆ ಇರಲಿಲ್ಲ. ಟಾಕೀಸಿನ ಕಡೆ ಸುಳಿದದ್ದು ಗೊತ್ತಾದರೆ ಸ್ಕೂಲು ಬಿಡಿಸಿ ಗ್ಯಾರೇಜಿಗೆ ಹಾಕುತ್ತೇನೆ ಎಂದು ಅವರು ಹೇಳಿಯೇ ಇದ್ದರು.

ಅಮ್ಮಿ ಮತ್ತು ಆಪಾ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಮಸಿ ಹಿಡಿದ ಅಂಗೈಯಿಂದ ಎಣಿಸಿ, ಆ ದುಡ್ಡನ್ನು ಒಂದು ಹಳೆಯ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಒಂದು ಶನಿವಾರ ನಾನು ಆ ಡಬ್ಬಿಯಿಂದ ಎರಡು ರೂಪಾಯಿ ತೆಗೆದುಕೊಂಡು ಮ್ಯಾಟಿನಿಗೆ ಹೋದೆ. ಟಿಕೆಟ್ಟಿಗೂ ಆಯಿತು, ಇಂಟರ್‌ವಲ್‌ನ ಕಡಲೆಕಾಯಿಗೂ ಆಯಿತು. ಆಗ ನನಗೆ ಹನ್ನೊಂದು ವರ್ಷ.

ಇದು ನಾನು ಹೇಳುತ್ತಿದ್ದ ಕಥೆ. ಕಿಂಡಿಯ ನೂಕಾಟ, ಗಿಡುಗ ಹಾರಿದಾಗಿನ ಕೂಗು, ಓಡುತ್ತಾ ಮನೆ ಸೇರಿದ್ದು ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ಕೊನೆಯ ಮಾತು ಮಾತ್ರ ಯಾವಾಗಲೂ ಒಂದೇ: “ಅಮ್ಮಿಗೆ ಕೊನೆಗೂ ಗೊತ್ತಾಗಲೇ ಇಲ್ಲ!” ಎಲ್ಲರೂ ನಗುತ್ತಿದ್ದರು.

ಶಾಂತಲಾ ಮುಚ್ಚಿದ ಕೆಲವು ದಿನಗಳ ನಂತರ ಆಪಾಳ ಮನೆಯಲ್ಲಿ ಚಹಾ ಕುಡಿಯುತ್ತಾ ಅದೇ ಕಥೆ ತೆಗೆದೆ. ಆಪಾ ಎದುರಿಗೇ ಕೂತಿದ್ದಳು.

“ಎರಡಲ್ಲ, ಮೂರು ರೂಪಾಯಿ,” ಎಂದಳು.

ನಗುತ್ತಿದ್ದವರು ಸುಮ್ಮನಾದರು. ನಮ್ಮ ಮನೆಮಾತು ದಖನಿಯಲ್ಲಿ ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: “ನಿನಗೆ ಎಷ್ಟು ತೆಗೆದೆ ಅನ್ನೋದು ಮರೆತಿದೆ. ನನಗೆ ಮರೆಯೋಕೆ ಆಗುತ್ತಾ? ಬಳೆ ತಗೊಂಡೆ ಅಂತ ಅಮ್ಮಿ ನನ್ನ ಕೆನ್ನೆಗೆ ಹೊಡೆದರು. ಆ ಮೂರು ರೂಪಾಯಿ ತುಂಬೋವರೆಗೆ ರಾತ್ರಿ ಕೂತು ಹೊಸೆದೆ.”

ಕೆನ್ನೆಗೆ ಹೊಡೆದದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದ್ದೆ. ಕಥೆಯಲ್ಲಿ ಅದನ್ನು ಬಿಟ್ಟಿದ್ದೆ. ಬಿಟ್ಟು ಬಿಟ್ಟು, ಬಿಟ್ಟಿದ್ದೇನೆ ಎಂಬುದನ್ನೂ ಮರೆತಿದ್ದೆ. ನನ್ನ ಅಂಗಿ ಒಗೆಯುವಾಗ ಜೇಬಿನಲ್ಲಿ ಹರಿದ ಟಿಕೆಟ್ಟು ಅವಳಿಗೆ ಸಿಕ್ಕಿತ್ತಂತೆ. ಅದು ನನಗೆ ಗೊತ್ತಿರಲಿಲ್ಲ. “ಮತ್ತೆ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. “ಹೇಳಿದ್ದರೆ ಈಗ ನೀನು ಗ್ಯಾರೇಜಿನಲ್ಲಿ ಇರ್ತಿದ್ದೆ,” ಎಂದಳು.

“ಆಪಾ, ನನ್ನನ್ನು ಮಾಫ್ ಮಾಡು,” ಎಂದೆ. “ನಾನು ಅವತ್ತೇ ಮಾಡಿದ್ದೆ. ಆದರೆ ಅಮ್ಮಿ ಆಮೇಲೆ ಡಬ್ಬೀನ ಟ್ರಂಕಿನಲ್ಲಿಟ್ಟು ಕೀಲಿ ಸೆರಗಿಗೆ ಕಟ್ಟಿಕೊಂಡರಲ್ಲ, ನನ್ನ ಕೈಗೆ ಮತ್ತೆ ಕೊಡಲೇ ಇಲ್ಲ. ಅವರಿಗೆ ಯಾರು ಹೇಳ್ತಾರೆ?”

ಅಮ್ಮಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. “ಅಮ್ಮಿಗೆ ಕೊನೆಗೂ ಗೊತ್ತಾಗಲೇ ಇಲ್ಲ” ಎಂಬ ಮಾತಿಗೆ ಆ ಹೊತ್ತು ಬೇರೆಯದೇ ಅರ್ಥ ಬಂತು.

ಎರಡು ಮೂರು ರೂಪಾಯಿಗೆ ಇಷ್ಟು ದೊಡ್ಡ ಮಾತೇಕೆ ಎಂದು ನೀವು ಕೇಳಬಹುದು. ಹುಡುಗರು ಕದ್ದು ಸಿನಿಮಾಕ್ಕೆ ಹೋಗುವುದು ಹೊಸತೇನಲ್ಲ. ಆ ಹುಡುಗನ ಮೇಲೆ ನನಗೂ ಸಿಟ್ಟಿಲ್ಲ. ನನ್ನ ತಕರಾರಿರುವುದು ಅವನ ಕಥೆಯನ್ನು ಮೂವತ್ತಾರು ವರ್ಷ ಹೇಳಿ ಚಪ್ಪಾಳೆ ಗಿಟ್ಟಿಸಿದ ದೊಡ್ಡವನ ಮೇಲೆ. ಹುಡುಗ ಡಬ್ಬಿಯಿಂದ ದುಡ್ಡು ತೆಗೆದ. ದೊಡ್ಡವನು ಕಥೆಯಿಂದ ಅಕ್ಕನನ್ನೇ ತೆಗೆದುಹಾಕಿದ. ಯಾವುದು ದೊಡ್ಡ ಕಳ್ಳತನ?

ಮದರಸಾದಲ್ಲಿ ನಮಗೆ ಹುಕೂಕುಲ್ ಇಬಾದ್, ಅಂದರೆ ಮನುಷ್ಯರಿಗೆ ಮನುಷ್ಯರ ಮೇಲಿರುವ ಹಕ್ಕುಗಳ ಬಗ್ಗೆ ಕಲಿಸಿದ್ದರು. ಇನ್ನೊಬ್ಬರಿಗೆ ಮಾಡಿದ ಅನ್ಯಾಯವನ್ನು ಅವರೇ ಮನ್ನಿಸಬೇಕು, ದೇವರ ಮುಂದೆ ಅತ್ತರೆ ಸಾಲದು ಎಂಬುದು ಅದರ ಸಾರ. ಅಂದು ಅದು ಬಾಯಿಪಾಠ. ಇಂದು ಅದರ ಕಷ್ಟ ಅರ್ಥವಾಗುತ್ತಿದೆ. ಮೂರು ರೂಪಾಯಿಯನ್ನು ಹಿಂದಿರುಗಿಸಬಹುದು. ಅಕ್ಕನ ಮನ್ನಣೆಯೂ ಸಿಕ್ಕಬಹುದು. ತಾಯಿಯ ಮನಸ್ಸಿನಲ್ಲಿ ಹೋದ ಮಗಳ ಒಳ್ಳೆಯ ಹೆಸರನ್ನು ಯಾವ ಅಂಗಡಿಯಿಂದ ತಂದು ಕೊಡುವುದು?

ಹಾಗಾದರೆ ಆ ಮಧ್ಯಾಹ್ನದ ಸಂತೋಷವೆಲ್ಲ ಸುಳ್ಳೇ? ಹಾಗೆ ಅನ್ನಲಾರೆ. ಕತ್ತಲಲ್ಲಿ ನನ್ನ ಪಕ್ಕ ಕೂತು ಶಿಳ್ಳೆ ಹೊಡೆದವನ ಜಾತಿ ಯಾವುದು, ಧರ್ಮ ಯಾವುದು ನನಗೆ ಗೊತ್ತಿರಲಿಲ್ಲ. ಇಕ್ಬಾಲ್ ಗೆದ್ದಾಗ ಅವನೂ ಗೆದ್ದಿದ್ದ. ಅಂಥ ಜಾಗಗಳು ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಆದರೆ ‘ಟಾಕೀಸಿನಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು’ ಎಂದು ನಾವು ಬರೆಯುವಾಗ ಆ ‘ಎಲ್ಲರೂ’ ಯಾರು ಎಂದು ಒಮ್ಮೆ ಎಣಿಸಿ ನೋಡಬೇಕು. ಬಾಲ್ಕನಿಯವರ ಬಾಗಿಲೇ ಬೇರೆ, ಗಾಂಧಿ ಕ್ಲಾಸಿನವರ ಬಾಗಿಲೇ ಬೇರೆ. ಹೆಂಗಸರ ಕೌಂಟರ್ ಇತ್ತು, ನಿಜ. ಆ ಕೌಂಟರಿನವರೆಗೆ ಬರಲು ಎಷ್ಟು ಮನೆಗಳ ಹೆಂಗಸರಿಗೆ ಬಿಡುವಿತ್ತು, ಅಪ್ಪಣೆಯಿತ್ತು? ಆಪಾ ಮದುವೆಯಾಗುವವರೆಗೂ ಟಾಕೀಸಿನ ಒಳಗೆ ಕಾಲಿಟ್ಟವಳಲ್ಲ. ಅವಳು ಹೊಸೆದ ಕಡ್ಡಿಗಳ ದುಡ್ಡು ಮಾತ್ರ ಒಳಗೆ ಹೋಗಿ ಬಂದಿತ್ತು.

‘ಕೂಲಿ’ಯಲ್ಲಿ ಒಂದು ಕಡೆ ಹೊಡೆದಾಟದ ನಡುವೆ ಚಿತ್ರ ತಟ್ಟನೆ ನಿಲ್ಲುತ್ತದೆ. ಅಮಿತಾಭ್‌ಗೆ ಪೆಟ್ಟುಬಿದ್ದದ್ದು ಇಲ್ಲಿಯೇ ಎಂಬ ಬರಹ ಪರದೆಯ ಮೇಲೆ ಮೂಡುತ್ತದೆ. ನೀವೂ ನೋಡಿರಬಹುದು. ಅಂದು ಆ ಕ್ಷಣ ಇಡೀ ಟಾಕೀಸು ಉಸಿರು ಬಿಗಿಹಿಡಿದಿತ್ತು. ಆಟದ ನಡುವೆ ನಿಜವಾದ ನೋವೊಂದು ಇತ್ತೆಂದು ಹೇಳಿ, ಆಮೇಲೆ ಚಿತ್ರ ಮುಂದುವರಿಯಿತು. ಹೇಳಿದ್ದರಿಂದ ನಮ್ಮ ಸಂತೋಷವೇನೂ ಕಡಿಮೆಯಾಗಲಿಲ್ಲ.

ಈಗಲೂ ಯಾರಾದರೂ ಕೇಳಿದರೆ ನಾನು ಆ ಕಥೆ ಹೇಳುತ್ತೇನೆ. ಕಿಂಡಿಯೂ ಇರುತ್ತದೆ, ಗಿಡುಗವೂ ಇರುತ್ತದೆ. ಡಬ್ಬಿಯ ಹತ್ತಿರ ಬಂದಾಗ ಮಾತ್ರ ನಿಲ್ಲಿಸುತ್ತೇನೆ. ತೆಗೆದದ್ದು ಮೂರು ರೂಪಾಯಿ, ಪೆಟ್ಟು ತಿಂದವಳು ನನ್ನ ಅಕ್ಕ ಎಂದು ಹೇಳಿ ಮುಂದೆ ಹೋಗುತ್ತೇನೆ. ಮೊದಲಿನಂತೆ ಯಾರೂ ನಗುವುದಿಲ್ಲ. ಕಳೆದ ಸಲ ಮಾತ್ರ ಕೇಳುತ್ತಿದ್ದ ಗೆಳೆಯನೊಬ್ಬ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮನೆಯಲ್ಲೂ ಒಂದು ಡಬ್ಬಿ ಇತ್ತು,” ಎಂದ.