ಓದುವ ಸರದಿ ಯಾರದು?

ಸಂಬಳವಿಲ್ಲದೆ ನಡೆಯುವ ಕೆಲಸದಲ್ಲಿ ನ್ಯಾಯವನ್ನು ಕೇಳಬಹುದೇ? ಸಂಬಳ ಪಡೆಯುವವನಿಗೆ ‘ಇದು ನಿನ್ನ ಪಾಲಿನ ಕೆಲಸ’ ಎನ್ನಬಹುದು. ಮನಸ್ಸಿದ್ದಷ್ಟು ದಿನ ದುಡಿದು, ಬೇಡವೆನಿಸಿದಾಗ ಎದ್ದು ಹೋಗುವ ಸ್ವಯಂಸೇವಕನಿಗೆ ಹಾಗೆ ಹೇಳಲು ಯಾರಿಗೆ ಅಧಿಕಾರವಿದೆ?

ಮುಕ್ತ ತಂತ್ರಾಂಶದ ಲೋಕವನ್ನು ಈ ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆ. ಅಲ್ಲಿ ತಂತ್ರಾಂಶದ ಮೂಲ ಬರಹ, ಅಂದರೆ ಕೋಡ್, ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ತಿದ್ದುಪಡಿ ಬರೆದು ಕಳಿಸಬಹುದು. ಆದರೆ ಅದನ್ನು ಸೇರಿಸಿಕೊಳ್ಳುವ ಮುನ್ನ ಇನ್ನೊಬ್ಬರು ಸಾಲು ಸಾಲಾಗಿ ಓದಿ ಪರಿಶೀಲಿಸಬೇಕು. ಬರೆಯಲು ಮುಂದೆ ಬರುವವರು ಬಹಳ, ಓದಲು ಕೂರುವವರು ಕೆಲವರು. ಕತೆ, ಕವಿತೆಗಳ ನಡುವೆ ಓಡಾಡಿದವರಿಗೆ ಇದು ಹೊಸ ಸಂಗತಿಯಲ್ಲ. ಬರೆದವನ ಹೆಸರು ಎದ್ದು ಕಾಣುತ್ತದೆ. ತಪ್ಪು ಹುಡುಕಿಕೊಟ್ಟವನ ಹೆಸರು ಎಲ್ಲೋ ಮೂಲೆಯಲ್ಲಿರುತ್ತದೆ.

ಇದರ ಫಲವೇನು? ಅಂತರ್ಜಾಲದ ಗುಟ್ಟುಗಳನ್ನು ಕಾಯುವ ಓಪನ್ ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. 2012ರಿಂದಲೂ ಅದು ಅಲ್ಲೇ ಇತ್ತು. ಪರಿಶೀಲಿಸಿದವರ ಕಣ್ಣನ್ನೂ ಅದು ತಪ್ಪಿಸಿತ್ತು. ಎಕ್ಸ್‌ಜೆಡ್ ಯುಟಿಲ್ಸ್ ಎಂಬ ಸಣ್ಣ ತಂತ್ರಾಂಶದ್ದು ಇನ್ನೂ ಕಹಿಯಾದ ಕತೆ. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಅದನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಹೊತ್ತಿದ್ದರು. ಇದು ಸಂಬಳವಿಲ್ಲದ ಹವ್ಯಾಸವೆಂದು 2022ರಲ್ಲಿ ಅವರು ಹೇಳಿಕೊಳ್ಳಬೇಕಾಯಿತು. ಆದರೂ ಕೆಲಸ ನಿಧಾನವೆಂದು ದೂರಿದವರಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗಿ ನಂಬಿಕೆ ಗಳಿಸಿದರು. 2024ರ ಫೆಬ್ರುವರಿಯಲ್ಲಿ ಆವೃತ್ತಿ 5.6.0ರೊಳಗೆ ಕಳ್ಳಬಾಗಿಲನ್ನು ಇಟ್ಟರು. ಅರ್ಧ ಸೆಕೆಂಡಿನಷ್ಟು ವಿಳಂಬದ ಜಾಡು ಹಿಡಿದು ಹೋದ ಆಂಡ್ರೆಸ್ ಫ್ರಾಯಿಂಡ್ ಮರುತಿಂಗಳೇ ಅದನ್ನು ಪತ್ತೆ ಮಾಡಿದ್ದರಿಂದ ಜಗತ್ತು ಉಳಿದುಕೊಂಡಿತು. ದಣಿದ ಮನುಷ್ಯ ಚಾಚಿದ ಕೈಯನ್ನು ಹಿಡಿದದ್ದು ತಪ್ಪೇ? ಆತನನ್ನು ಒಂಟಿಯಾಗಿ ಬಿಟ್ಟವರ ತಪ್ಪು ಅದಕ್ಕಿಂತ ದೊಡ್ಡದು.

ಸ್ವಯಂಸೇವಕನಿಗೆ ಕರ್ತವ್ಯವೇ ಇಲ್ಲ ಎನ್ನುವವರು ಒಂದು ಮಾತನ್ನು ಮರೆಯುತ್ತಾರೆ. ತಿದ್ದುಪಡಿ ಕಳಿಸುವವನು ಕೊಡುತ್ತಾನೆ, ನಿಜ. ಜೊತೆಗೆ ಇನ್ನೊಬ್ಬರ ಸಮಯವನ್ನು ಕೇಳುತ್ತಾನೆ ಕೂಡ. ಕೇಳಿದ ಮೇಲೆ ಋಣ ಹುಟ್ಟುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಳಗದವರು ಇದನ್ನು ಅರಿತಿದ್ದಾರೆ. ಹೊಸ ತಿದ್ದುಪಡಿಗಳನ್ನು ಒಟ್ಟಾಗಿ ಪರಿಶೀಲಿಸಲು ಅವರು ನಡೆಸುವ ‘ಕಮಿಟ್‌ಫೆಸ್ಟ್’ನಲ್ಲಿ, ತನ್ನದೊಂದನ್ನು ಸಲ್ಲಿಸಿದವನು ಸರಿಸುಮಾರು ಅಷ್ಟೇ ತೂಕದ ಇನ್ನೊಬ್ಬರದನ್ನು ಓದಬೇಕೆಂಬ ನಿರೀಕ್ಷೆಯಿದೆ. ನಮ್ಮ ರೈತರ ಮುಯ್ಯಾಳಿನ ಲೆಕ್ಕವೂ ಇಂಥದ್ದೇ: ನೀನು ನನ್ನ ಗದ್ದೆಗೆ ಬಂದರೆ ನಾನು ನಿನ್ನ ಗದ್ದೆಗೆ.

ಆದರೆ ಸಮಪಾಲೇ ನ್ಯಾಯವಲ್ಲ. ನಿನ್ನೆ ಬಂದ ಹುಡುಗನಿಗೂ ಇಪ್ಪತ್ತು ವರ್ಷದ ಅನುಭವಿಗೂ ಒಂದೇ ಹೊರೆ ಹೊರಿಸಲಾಗದು. ಮನೆಗೆಲಸ ಮುಗಿಸಿ ರಾತ್ರಿ ಒಂದು ಗಂಟೆ ಉಳಿಸಿಕೊಳ್ಳುವ ಹೆಣ್ಣುಮಗಳ ಬಿಡುವೂ ಒಂಟಿ ಯುವಕನ ಬಿಡುವೂ ಒಂದೇ ಅಲ್ಲ. ಸರದಿಯ ಲೆಕ್ಕವನ್ನಷ್ಟೇ ಹಿಡಿದರೆ ಕಣ್ಣು ಮುಚ್ಚಿ ‘ಸರಿಯಿದೆ’ ಎಂದು ಸಹಿ ಹಾಕುವವರು ಹೆಚ್ಚುತ್ತಾರೆ. ಅದು ಓದದೇ ಇರುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಓದಿದ್ದಾರೆಂದು ಉಳಿದವರು ನಂಬಿರುತ್ತಾರೆ. ಆದ್ದರಿಂದ ಅವರವರ ಶಕ್ತಿಗೆ ತಕ್ಕ ಪಾಲು ಇರಬೇಕು. ‘ಈ ತಿಂಗಳು ನನ್ನಿಂದಾಗದು’ ಎಂದು ನಾಚಿಕೆಯಿಲ್ಲದೆ ಹೇಳುವ ಅವಕಾಶವಿರಬೇಕು. ಹಾಗೆ ಹೇಳಿದಾಗ ಹೆಗಲು ಕೊಡುವವರೂ ಇರಬೇಕು.

ಬರೆಯದೆ, ಓದದೆ, ಬಳಸಿಕೊಂಡು ಕೋಟಿಗಟ್ಟಲೆ ಗಳಿಸುವ ಕಂಪೆನಿಗಳ ಋಣವಂತೂ ಎಲ್ಲಕ್ಕಿಂತ ದೊಡ್ಡದು. ಹಾರ್ಟ್‌ಬ್ಲೀಡ್ ಬಯಲಾದ ಮೇಲಷ್ಟೇ ಹಲವು ಕಂಪೆನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಇಂಥ ಕೆಲಸಕ್ಕೆ ಹಣ ಕೊಡಲು ಒಪ್ಪಿದವು. ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ.

ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಮನೆ ಎಲ್ಲರದಾಗುವುದಿಲ್ಲ. ಕಸ ಗುಡಿಸುವ ಸರದಿಯೂ ಎಲ್ಲರದಾದಾಗ ಆಗುತ್ತದೆ.