ಬಾಗಿಲು ತಟ್ಟುವವನ ಧರ್ಮ

ಕರೆಯದೆ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವ ಅಧಿಕಾರ ಯಾರಿಗಿದೆ? ಹಸಿದವನಿಗೆ ಇದೆ, ಅದರಲ್ಲಿ ಸಂಶಯವಿಲ್ಲ. ಅಂಚೆಯವನಿಗೆ ಇದೆ. ಪಕ್ಕದ ಮನೆಗೆ ಬೆಂಕಿ ಬಿದ್ದದ್ದನ್ನು ಕಂಡವನಿಗೂ ಇದೆ. ಆದರೆ 'ನನಗೊಂದು ಸತ್ಯ ಸಿಕ್ಕಿದೆ, ಅದು ನಿಮಗೂ ಸಿಗಬೇಕು' ಎಂದು ಹೇಳಿಕೊಂಡು ಬರುವವನಿಗೆ ಇದೆಯೇ? ಈ ಪ್ರಶ್ನೆ ಒಂದು ವರ್ಷದಿಂದ ನಮ್ಮ ಬೆನ್ನು ಬಿಟ್ಟಿಲ್ಲ. ವಿಚಾರ ಮಾಡುವುದಕ್ಕೆ ನಾವು ಬಹಳ ದೂರದ ಒಂದು ಉದಾಹರಣೆಯನ್ನು ಎತ್ತಿಕೊಂಡಿದ್ದೇವೆ. ದೂರದ್ದಾದರೆ ಸಿಟ್ಟಿಲ್ಲದೆ ನೋಡಬಹುದು ಎಂಬುದೊಂದೇ ಕಾರಣ. ನೋಡುತ್ತ ನೋಡುತ್ತ ಅದು ನಮ್ಮ ಹೊಸ್ತಿಲಿಗೇ ಬಂದು ನಿಂತರೆ ಓದುಗರು ಕ್ಷಮಿಸಬೇಕು.

ಅಮೆರಿಕೆಯ ಜೋಸೆಫ್ ಸ್ಮಿತ್ ಎಂಬಾತ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಕ್ರೈಸ್ತ ಪಂಥವನ್ನು ಸ್ಥಾಪಿಸಿದ. ಇಂದು ಅದರ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರ. ಲೋಕವೆಲ್ಲ ಇವರನ್ನು ಮಾರ್ಮನ್ನರೆಂದು ಕರೆಯುತ್ತದೆ. ಆ ಹೆಸರನ್ನು ಬಿಡಿ ಎಂದು 2018ರಲ್ಲಿ ಅವರ ಅಧ್ಯಕ್ಷರೇ ಕೇಳಿಕೊಂಡರಾದರೂ ರೂಢಿ ಅಷ್ಟು ಬೇಗ ಹೋಗುವುದಿಲ್ಲವಾದ್ದರಿಂದ ನಾವೂ ಅದನ್ನೇ ಬಳಸುತ್ತೇವೆ. ಈ ಪಂಥದ ತರುಣರು ಎರಡು ವರ್ಷ ಕಾಲ ಧರ್ಮಪ್ರಚಾರಕ್ಕೆ ಹೋಗಬೇಕೆಂಬುದು ಅವರಲ್ಲಿ ನಡೆದು ಬಂದ ಕರ್ತವ್ಯ. ಮೊದಲು ಹುಡುಗರಿಗೆ ಹತ್ತೊಂಬತ್ತು ತುಂಬಬೇಕಿತ್ತು. 2012ರಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸಿದರು. ಹುಡುಗಿಯರೂ ಹೋಗುತ್ತಾರೆ, ಅವರ ಅವಧಿ ಹದಿನೆಂಟು ತಿಂಗಳು. ಆದರೆ ಅವರಿಗೆ ಅದು ಇಷ್ಟಕ್ಕೆ ಬಿಟ್ಟದ್ದು. ಹೀಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಲೋಕದ ನಾನಾ ಕಡೆ ಹಂಚಿಹೋಗಿದ್ದಾರೆ.

ಎಲ್ಲಿಗೆ ಹೋಗಬೇಕೆಂಬುದನ್ನು ಹುಡುಗ ಆರಿಸುವಂತಿಲ್ಲ. ಸಾಲ್ಟ್ ಲೇಕಿನಿಂದ ಆದೇಶ ಬರುತ್ತದೆ: ಜಪಾನ್ ಎಂದರೆ ಜಪಾನ್, ಬ್ರೆಜಿಲ್ ಎಂದರೆ ಬ್ರೆಜಿಲ್. ವರ್ಗಾವಣೆಯ ಆದೇಶ ಕೈಗೆ ಬಂದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದು ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ಗೊತ್ತು. ಆದರೆ ನಮಗೆ ಸಂಬಳವಿದೆ, ಮನವಿ ಸಲ್ಲಿಸುವ ದಾರಿಯಿದೆ. ಆ ಹುಡುಗನಿಗೆ ಸಂಬಳವಿಲ್ಲ; ಬದಲಾಗಿ ಅವನೋ ಅವನ ಮನೆಯವರೋ ಹಣ ಕಟ್ಟಬೇಕು. ಅಮೆರಿಕೆಯವರಿಗೆ ಇದು 2020ರ ಜುಲೈಯಲ್ಲಿ ತಿಂಗಳಿಗೆ 500 ಡಾಲರ್ ಎಂದು ನಿಗದಿಯಾಯಿತು. ಚಿಕ್ಕಂದಿನಿಂದ ಹುಂಡಿಯಲ್ಲಿ ಕಾಸು ಕೂಡಿಡುವ ಮಕ್ಕಳೂ ಉಂಟು. ಹೊಸ ಭಾಷೆ ಕಲಿಯಬೇಕಾದವರಿಗೆ ಯೂಟಾದ ಪ್ರೊವೊ ಮೊದಲಾದ ಕಡೆ ಕೆಲವು ವಾರಗಳ ತರಬೇತಿಯಾಗುತ್ತದೆ. ಅಷ್ಟು ಬಂಡವಾಳದಲ್ಲಿ ಹುಡುಗ ಪರದೇಶದ ಬೀದಿಯಲ್ಲಿ ನಿಂತು ಮಾತಾಡಬೇಕು.

ಅಲ್ಲಿಯ ದಿನಚರಿ ಗಡಿಯಾರಕ್ಕೆ ಕಟ್ಟಿದ್ದು. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಆಮೇಲೆ ಗ್ರಂಥಪಠನ, ಭಾಷಾಭ್ಯಾಸ. ಹತ್ತರ ಸುಮಾರಿಗೆ ಹೊರಬಿದ್ದರೆ ರಾತ್ರಿ ಒಂಬತ್ತರವರೆಗೆ ಬೀದಿ, ಮೆಟ್ಟಿಲು, ಬಾಗಿಲು, ಬಸ್ ನಿಲ್ದಾಣ. ಹತ್ತೂವರೆಗೆ ದೀಪ ಆರಬೇಕು. 2017ರಿಂದ ಈ ವೇಳಾಪಟ್ಟಿಯನ್ನು ಆಯಾ ದೇಶಕ್ಕೆ ತಕ್ಕಂತೆ ತುಸು ಸಡಿಲಿಸಿದ್ದಾರೆ, ಆದರೆ ಚೌಕಟ್ಟು ಅದೇ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ನಾಮಫಲಕ. ಆ ಫಲಕದಲ್ಲಿ ತಾಯಿತಂದೆ ಕರೆಯುವ ಹೆಸರಿಲ್ಲ; ಮನೆತನದ ಹೆಸರು, ಅದರ ಹಿಂದೆ 'ಎಲ್ಡರ್', ಅಂದರೆ ಹಿರಿಯ. ಮೀಸೆ ಸರಿಯಾಗಿ ಚಿಗುರದ ಹದಿನೆಂಟರ ಹುಡುಗ ಹಿರಿಯನಾಗಿಬಿಟ್ಟ! ಸಿನಿಮಾ ಇಲ್ಲ, ಪ್ರೇಮ ಪ್ರಕರಣ ಇಲ್ಲ. ಮದ್ಯ, ತಂಬಾಕು ಇಲ್ಲವೆಂದರೆ ನಮಗೆ ಆಶ್ಚರ್ಯವಾಗದು. ಕಾಫಿ, ಚಹಾ ಸಹ ಇಲ್ಲ. ಇದು ಪ್ರಚಾರದ ಅವಧಿಗೆ ಮಾತ್ರವಲ್ಲ, ಮತಕ್ಕೆ ಸೇರಿದವರೆಲ್ಲರಿಗೂ ಜೀವನಪರ್ಯಂತದ ನಿಯಮ. ಫಿಲ್ಟರ್ ಕಾಫಿಯ ಮೇಲೆ ನಿಂತಿರುವ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಇದನ್ನು ಗಮನಿಸಲಿ.

ಇಷ್ಟೆಲ್ಲಕ್ಕಿಂತ ಕಷ್ಟದ ನಿಯಮವೆಂದು ನಮಗೆ ತೋರುವುದು ಜೋಡಿಯ ನಿಯಮ. ಇಬ್ಬರು ಸದಾ ಜೊತೆಯಲ್ಲೇ ಇರಬೇಕು. ಸ್ನಾನದ ಮನೆಯೊಂದನ್ನು ಬಿಟ್ಟರೆ ಒಬ್ಬನ ಕಣ್ಣಳತೆಯಲ್ಲಿ ಇನ್ನೊಬ್ಬನಿರಬೇಕು. ಜೊತೆಗಾರನನ್ನು ಆರಿಸುವುದು ಮೇಲಿನವರು. ಒಬ್ಬ ಗೊರಕೆ ಹೊಡೆಯುವವ, ಇನ್ನೊಬ್ಬ ಮುಂಗೋಪಿ. ಆದರೂ ತಿಂಗಳುಗಟ್ಟಲೆ ಸಂಸಾರ ಮಾಡಬೇಕು. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ಕೊಳ್ಳಲು, ಮನೆಗೆ ಬರೆಯಲು ಬಿಡುವು. ಹಿಂದೆಲ್ಲ ಮನೆಗೆ ದೂರವಾಣಿಯಲ್ಲಿ ಮಾತಾಡಲು ವರ್ಷಕ್ಕೆ ಎರಡೇ ದಿನ ಅವಕಾಶವಿತ್ತು: ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. 2019ರ ಫೆಬ್ರವರಿಯಲ್ಲಿ ವಾರಕ್ಕೊಮ್ಮೆ ಮಾತಾಡಬಹುದೆಂದರು. ಆ ಸುದ್ದಿ ಕೇಳಿ ಎಷ್ಟು ತಾಯಂದಿರು ಅತ್ತಿರಬಹುದು!

ಇಲ್ಲಿ ಒಂದು ತಕರಾರು ಏಳುತ್ತದೆ. ಇದು ನಿಜವಾಗಿ ಅವನೇ ತೊಟ್ಟ ವ್ರತವೇ? ತಂದೆ ಹೋಗಿಬಂದಿದ್ದಾನೆ, ಅಣ್ಣ ಹೋಗಿಬಂದಿದ್ದಾನೆ, ಕೇರಿಯೆಲ್ಲ ಎದುರು ನೋಡುತ್ತಿದೆ. ಅವಧಿಗೆ ಮುಂಚೆ ಮರಳಿದವನಿಗೆ ಊರಲ್ಲಿ ಮುಖ ತೋರಿಸುವುದು ಕಷ್ಟ. ಹಾಗಿದ್ದಮೇಲೆ ಅದನ್ನು ತ್ಯಾಗವೆನ್ನಬಹುದೇ ಎಂದು ಕೇಳುವವರಿದ್ದಾರೆ. ನಾವು ನಮ್ಮ ಹಿರಿಯರನ್ನು ನೆನೆಯುತ್ತೇವೆ. ಹನ್ನೆರಡು ಹದಿಮೂರರ ವಯಸ್ಸಿಗೆ ದಕ್ಷಿಣ ಕನ್ನಡದಿಂದ ಈ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಇಳಿಹೊತ್ತಿಗೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು ಅವರು. ಅವರಿಗೂ ಊರು ಆರಿಸುವ ಸ್ವಾತಂತ್ರ್ಯವಿರಲಿಲ್ಲ, ಚಾಪೆ ಹಂಚಿಕೊಳ್ಳುವ ಜೊತೆಗಾರನನ್ನು ಆರಿಸುವಂತಿರಲಿಲ್ಲ. ಅದನ್ನು ತ್ಯಾಗವೆಂದು ಯಾರೂ ಕರೆಯಲಿಲ್ಲ, ಬಡತನ ಎಂದರು. ಒತ್ತಾಯ ಎಷ್ಟು, ಇಚ್ಛೆ ಎಷ್ಟು ಎಂದು ಹೊರಗೆ ನಿಂತವರು ಅಳೆಯಲಾಗದು. ಹೊರಡುವುದು ಊರಿನ ಒತ್ತಾಯದಿಂದ ಇರಬಹುದು. ಆದರೆ ಮುನ್ನೂರನೆಯ ದಿನ ಬೆಳಿಗ್ಗೆ ಆರೂವರೆಗೆ ಚಳಿಯಲ್ಲಿ ಏಳುವುದು ಅವನೇ. ಆ ಏಳುವಿಕೆಯನ್ನು ನಾವು ಗೌರವಿಸುತ್ತೇವೆ.

ಇನ್ನು ಫಲದ ವಿಚಾರ. ಮುಂದೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿ, 2012ರಲ್ಲಿ ಅಮೆರಿಕೆಯ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ ಮಿಟ್ ರಾಮ್ನಿ 1966ರಿಂದ 1968ರವರೆಗೆ ಫ್ರಾನ್ಸಿನಲ್ಲಿ ಇದೇ ಕೆಲಸ ಮಾಡಿದವರು. ದ್ರಾಕ್ಷಾರಸವಿಲ್ಲದೆ ಊಟಕ್ಕೆ ಕೂರದ ದೇಶದಲ್ಲಿ 'ದ್ರಾಕ್ಷಾರಸ ಬಿಡಿ' ಎನ್ನುವ ಮತವನ್ನು ಹಿಡಿದು ಬಾಗಿಲು ತಟ್ಟಬೇಕು. ಅದೂ ವಿಯೆಟ್ನಾಮ್ ಯುದ್ಧದ ಕಾಲದಲ್ಲಿ, ಅಮೆರಿಕೆಯ ನಾಲಗೆಯಿಂದ! ತೆರೆದ ಬಾಗಿಲುಗಳಿಗಿಂತ ಮುಚ್ಚಿದವೇ ಎಷ್ಟೋ ಪಾಲು ಹೆಚ್ಚು. 1968ರ ಜೂನ್‌ನಲ್ಲಿ ಅವರು ನಡೆಸುತ್ತಿದ್ದ ಕಾರಿಗೆ ಎದುರಿನಿಂದ ಬಂದ ಕಾರು ಡಿಕ್ಕಿ ಹೊಡೆದು, ಜೊತೆಯಲ್ಲಿದ್ದ ಮಿಶನ್ ಅಧ್ಯಕ್ಷರ ಪತ್ನಿ ತೀರಿಕೊಂಡರು. ರಾಮ್ನಿಗೂ ತೀವ್ರ ಗಾಯಗಳಾದವು. ಗುಣವಾದ ಮೇಲೆ ಅವರು ಮತ್ತೆ ಅದೇ ಕೆಲಸಕ್ಕೆ ನಿಂತು ಅವಧಿ ಮುಗಿಸಿದರು. ಮತಕ್ಕೆ ಸೇರಿದವರ ಲೆಕ್ಕದಿಂದ ನೋಡಿದರೆ ಎರಡೂವರೆ ವರ್ಷದ ಈ ದುಡಿಮೆ ನಷ್ಟದ ಬಾಬ್ತು. ಆದರೆ ದಿನಕ್ಕೆ ಐವತ್ತು ಬಾರಿ 'ಬೇಡ' ಎನ್ನಿಸಿಕೊಂಡು ಐವತ್ತೊಂದನೆಯ ಬಾಗಿಲಲ್ಲಿ ನಗುಮುಖ ಇಟ್ಟುಕೊಳ್ಳುವುದನ್ನು ಕಲಿತವನಿಗೆ ಏನೂ ಸಿಗಲಿಲ್ಲವೆನ್ನುವುದು ಹೇಗೆ?

ಆದರೂ ಇಲ್ಲೊಂದು ತೊಡಕಿದೆ. ನಮ್ಮ ನಾಡಿನಲ್ಲೂ ಬಾಗಿಲಿಗೆ ಬರುವವರಿದ್ದರು. ಜಂಗಮರು ಬಂದರು, ತಂಬೂರಿ ಹಿಡಿದು ದಾಸರು ಬಂದರು. ಅವರು ಬಂದದ್ದು ಭಿಕ್ಷೆಗೆ. ಕೈ ಚಾಚುವವನು ಕೆಳಗೆ ನಿಲ್ಲುತ್ತಾನೆ, ಕೊಡುವವಳು ಹೊಸ್ತಿಲ ಮೇಲೆ ನಿಲ್ಲುತ್ತಾಳೆ. ಹಿಡಿ ಅಕ್ಕಿ ಹಾಕುವ ಹೊತ್ತಿನಲ್ಲಿ ಒಂದು ಪದ ಕಿವಿಗೆ ಬಿದ್ದರೆ ಬಿತ್ತು. ಆದರೆ ಸತ್ಯವನ್ನು ಕೊಡುವುದಕ್ಕೆ ಬಂದವನು ಎಷ್ಟೇ ವಿನಯದಿಂದ ನಿಂತರೂ ಒಂದು ಮೆಟ್ಟಿಲು ಮೇಲೇ ನಿಂತಿರುತ್ತಾನೆ. 'ನನ್ನಲ್ಲಿರುವುದು ನಿನ್ನಲ್ಲಿಲ್ಲ' ಎಂಬುದು ಅವನು ಬಾಯಿ ತೆರೆಯುವ ಮುಂಚೆಯೇ ಕೇಳಿಸುತ್ತದೆ.

'ನಮ್ಮ ಮಾತನ್ನು ನಂಬಬೇಡಿ. ಗ್ರಂಥ ಓದಿ, ಪ್ರಾರ್ಥನೆ ಮಾಡಿ, ಉತ್ತರವನ್ನು ನೀವೇ ಪಡೆಯಿರಿ' ಎಂದು ಈ ಹುಡುಗರು ಹೇಳುತ್ತಾರೆ. ಕೇಳಲು ವೈಜ್ಞಾನಿಕವಾಗಿದೆ. ನಾವೂ ಬಿ.ಎಸ್ಸಿ.ಗೆ ಓದುವಾಗ ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಟ್ಟು ಬಣ್ಣ ತಿರುಗುವುದನ್ನು ಕಾದವರೇ. ಆದರೆ ಬಣ್ಣ ತಿರುಗದಿದ್ದರೆ 'ಇನ್ನೂ ಸ್ವಲ್ಪ ಬಿಡು, ತಿರುಗಲೇಬೇಕು' ಎಂದು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡರೆ ಅದು ಪ್ರಯೋಗವಾಗುವುದಿಲ್ಲ. 'ಇಲ್ಲ' ಎಂಬುದನ್ನೂ ಉತ್ತರವೆಂದು ಬರೆದುಕೊಳ್ಳುವ ಧೈರ್ಯ ಬೇಕು. ಮತಪ್ರಚಾರಕನಿಗೆ ಮಾತ್ರವಲ್ಲ, ಯಾವುದೇ ವಿಷಯದಲ್ಲಿ ಖಚಿತನಾದ ಎಲ್ಲರಿಗೂ ಇದು ಕಷ್ಟ.

ಹಾಗೆಂದು ಬಾಗಿಲು ತಟ್ಟುವುದೇ ತಪ್ಪು ಎನ್ನಲು ನಮಗೆ ನಾಲಗೆ ಏಳುವುದಿಲ್ಲ. ಬಾಸೆಲ್ ಮಿಶನ್ನಿನ ಪರವಾಗಿ ಕಿಟ್ಟೆಲ್ ಎಂಬ ಜರ್ಮನ್ ತರುಣ 1853ರಲ್ಲಿ ನಮ್ಮ ನಾಡಿಗೆ ಬಂದದ್ದು ಮತಪ್ರಚಾರಕ್ಕೆ. ಉಳಿದದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟು. ಹೇಳಲು ಬಂದವನು ಕೇಳಿಸಿಕೊಳ್ಳಲು ಕುಳಿತದ್ದರಿಂದ ಆ ನಿಘಂಟು ಹುಟ್ಟಿತು. ಮಾರ್ಮನ್ ಪ್ರಚಾರಕರೂ ಅದೇ 1850ರ ದಶಕದಲ್ಲಿ ಕಲ್ಕತ್ತೆಗೆ ಬಂದು, ಹೆಚ್ಚಿನ ಫಲ ಕಾಣದೆ ಹಿಂತಿರುಗಿದ್ದರು. ಬೆಂಗಳೂರಿನಲ್ಲಿ ಅವರ ಮಿಶನ್ ಶುರುವಾಗಲು 1993 ಬರಬೇಕಾಯಿತು. ಇಂದಿನ ಹುಡುಗರೂ ಅನೇಕ ದೇಶಗಳಲ್ಲಿ ಉಚಿತವಾಗಿ ಇಂಗ್ಲಿಷ್ ಕಲಿಸುತ್ತಾರೆ, ಮನೆ ಬದಲಿಸುವವರ ಸಾಮಾನು ಹೊರುತ್ತಾರೆ. ಇಂಗ್ಲಿಷ್ ಕಲಿತು ಚರ್ಚಿನ ಕಡೆಗೆ ತಲೆಹಾಕದವರಿಗೂ ಆ ಕಲಿಕೆ ದಕ್ಕಿತು. ಆ ಮನೆಗೆ ಬೇಕಾಗಿದ್ದದ್ದು ಅದು.

ಈಗ ನಮ್ಮ ಹೊಸ್ತಿಲಿಗೆ ಬರೋಣ. ಪ್ರತಿವರ್ಷ ರಾಜ್ಯೋತ್ಸವಕ್ಕೆ ಮುಂಚೆ, ಅಕ್ಟೋಬರಿನ ಭಾನುವಾರಗಳಲ್ಲಿ ನಾವು ಸಂಘದವರು ಇಬ್ಬಿಬ್ಬರಾಗಿ ರಸೀದಿ ಪುಸ್ತಕ ಹಿಡಿದು ಸೊಸೈಟಿಗಳನ್ನು ಸುತ್ತುತ್ತೇವೆ. ಕೆಳಗೆ ತೂಗುಹಾಕಿದ ಹೆಸರಿನ ಪಟ್ಟಿ ನೋಡುತ್ತೇವೆ. ಶೆಟ್ಟಿ, ಹೆಗಡೆ ಎಂದರೆ ಧೈರ್ಯ. ಕುಲಕರ್ಣಿ ಎಂದರೆ ಮರಾಠಿಯೋ ಕನ್ನಡವೋ ಎಂಬ ಸಂದೇಹ. ಕಳೆದ ವರ್ಷ ಅಂಥದೇ ಒಂದು ಮನೆಯ ಗಂಟೆ ಒತ್ತಿದೆವು. ಐವತ್ತರ ಆಸುಪಾಸಿನ ಹೆಂಗಸು ಬಾಗಿಲು ತೆರೆದು, ಕೂರಿಸಿ, ನೀರು ಕೊಟ್ಟರು. ನಮ್ಮ ಭಾಷಣ ಶುರುವಾಯಿತು. ಮಕ್ಕಳಿಗೆ ಕನ್ನಡ ಕಲಿಸಿದ್ದೀರಾ, ಮನೆಯಲ್ಲಿ ಕನ್ನಡ ಪತ್ರಿಕೆ ತರಿಸುತ್ತೀರಾ, ತಾಯ್ನುಡಿ ಮರೆತವನ ಗತಿಯೇನು ಎಂದು ಹತ್ತು ನಿಮಿಷ ಹೇಳಿದೆವು. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ಕನ್ನಡ ಅವರದು, ನಾನು ಪುಣೆಯವಳು. ಅವರು ಹೋಗಿ ಇಪ್ಪತ್ತು ದಿನ ಆಯಿತು. ಈಗ ತರಿಸಿದರೆ ಓದುವವರು ಯಾರು?"

ಹಾರ ಹಾಕಿದ ಭಾವಚಿತ್ರ, ಅದರ ಮುಂದೆ ದೀಪ, ನಮ್ಮ ಎದುರಿಗೇ ಇತ್ತು. ಹತ್ತು ನಿಮಿಷ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಏಳುವಾಗ ಆಕೆಯೇ ತಡೆದರು. ಕಪಾಟಿನಲ್ಲಿ ಅವರ ಕನ್ನಡ ಪುಸ್ತಕಗಳಿದ್ದುವು. ಮೊದಲ ಪುಟದಲ್ಲಿ ಅವರು ಏನೋ ಬರೆದಿದ್ದಾರೆ, ಓದಿ ಹೇಳುತ್ತೀರಾ ಎಂದರು. ಒಂದೊಂದಾಗಿ ತೆಗೆದು ಓದಿದೆವು. ಕೊಂಡ ತಾರೀಖು, ಬೆಲೆ, ಊರಿನ ಹೆಸರು, ಹೆಚ್ಚೇನೂ ಇರಲಿಲ್ಲ. ಆಕೆ ಒಂದನ್ನೂ ಬಿಡದೆ ಎಲ್ಲವನ್ನೂ ಓದಿಸಿದರು. ಧಾರವಾಡ ಎಂದಾಗ ಒಮ್ಮೆ ನಕ್ಕರು. ರಸೀದಿ ಪುಸ್ತಕವನ್ನು ನಾವು ಚೀಲಕ್ಕೆ ಹಾಕಿಬಿಟ್ಟಿದ್ದೆವು. ಆ ಮನೆಗೆ ಕನ್ನಡ ಬೇಕಾಗಿತ್ತು, ನಾವು ಹೊತ್ತುಕೊಂಡು ಹೋದ ಕನ್ನಡವಲ್ಲ.

ಆದ್ದರಿಂದ ನಮಗೆ ತೋಚಿದ್ದನ್ನು ಹೇಳುತ್ತೇವೆ. ಬಾಗಿಲು ತಟ್ಟುವ ಅಧಿಕಾರ ಸತ್ಯ ಗೊತ್ತಿರುವುದರಿಂದ ಬರುವುದಿಲ್ಲ. ಒಳಗೆ ಏನಿದೆ ಎಂದು ನೋಡುವ ಮನಸ್ಸಿನಿಂದ, 'ಬೇಡ' ಎಂದರೆ ಕಹಿಯಿಲ್ಲದೆ ಮೆಟ್ಟಿಲಿಳಿಯುವ ಸಿದ್ಧತೆಯಿಂದ ಬರುತ್ತದೆ. ಬಾಗಿಲು ತೆರೆಯುವವರಿಗೂ ಒಂದು ಧರ್ಮವಿದೆ. ಕಚೇರಿಯ ಕೌಂಟರಿನ ಈಚೆ ಕುಳಿತು ಇಪ್ಪತ್ತು ವರ್ಷದಿಂದ 'ನಾಳೆ ಬನ್ನಿ' ಎನ್ನುತ್ತ ಬಂದ ನಮಗೆ ಇದನ್ನು ಹೇಳುವ ಯೋಗ್ಯತೆ ಇಲ್ಲ, ಆದರೂ ಹೇಳುತ್ತೇವೆ: ಒಲ್ಲೆ ಎನ್ನುವುದಕ್ಕೆ ಎಲ್ಲರಿಗೂ ಹಕ್ಕಿದೆ, ಆದರೆ ಎದುರಿಗಿರುವವನ ಮುಖ ನೋಡಿ ಒಲ್ಲೆ ಎನ್ನಬೇಕು. ಬಂದವನ ಮತ ನಮಗೆ ಬೇಡದಿರಬಹುದು. ಬಿಸಿಲಲ್ಲಿ ಮೆಟ್ಟಿಲೇರಿ ಬಂದವನಿಗೆ ಒಂದು ಲೋಟ ನೀರು ಯಾವ ಮತಕ್ಕೂ ವಿರುದ್ಧವಲ್ಲ.

ಈ ಅಕ್ಟೋಬರಿನಲ್ಲೂ ನಾವು ಇಬ್ಬರು ನಿಮ್ಮ ಮನೆಗೆ ಬರಬಹುದು. ಚಂದಾ ಕೊಡುವುದು ಬಿಡುವುದು ನಿಮ್ಮ ಇಷ್ಟ. ಈ ಸಲ ಮೊದಲು ನೀವು ಮಾತಾಡಿ, ನಾವು ಕೇಳುತ್ತೇವೆ.